ಸೀಟಿ ಊದಿದ ಮೇಲಿನ ಬಾಜಿ

ಸಂಡೂರಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುವವನು ನಾನು. ತೋರಣಗಲ್ಲು ನಮ್ಮ ತಾಲ್ಲೂಕಿನದೇ. ಅಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ ಬಳಗವೇ ಬೆಂಗಳೂರು ಎಫ್‌ಸಿಯ ಒಡೆಯ. ಹಾಗಾಗಿ ಆ ತಂಡವೆಂದರೆ ನಮ್ಮ ಹುಡುಗರಿಗೆ ಮನೆಯವರಷ್ಟು ಸಲಿಗೆ. ಈಚೆಗೆ ಇವರ ಬಾಯಲ್ಲಿ ಬಾಜಿಯ ಬಗ್ಗೆ ಒಂದು ಮಾತು ಕೇಳುತ್ತಿದೆ: "ಸರ್, ಮೊದ್ಲೇ ಕಟ್ಟಿದ್ರ ಲಾಸು. ಮ್ಯಾಚ್ ನೋಡ್ಕಂತ ಕಟ್ಟಿದ್ರ ಹೋಗಂಗಿಲ್ಲ." ಇದು ಪೂರ್ತಿ ತಲೆಕೆಳಗು.

ಮೊದಲೇ ಕಟ್ಟುವುದೂ ನಷ್ಟದ ದಾರಿಯೇ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದ ನಾಕೌಟ್ ಪಂದ್ಯದಲ್ಲಿ ಎದುರಾಳಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟಿಕೊಳ್ಳುವಷ್ಟರಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀಕಿಕ್‌ನಲ್ಲಿ ಗೋಲು ಹೊಡೆದರು. ಕೇರಳದವರು ಸಿಟ್ಟಿಗೆದ್ದು ಮೈದಾನ ಬಿಟ್ಟು ನಡೆದರು, ಬೆಂಗಳೂರು ಮುಂದಿನ ಸುತ್ತಿಗೆ ಹೋಯಿತು. ಆದರೆ ಆ ಗೋಲು ಬಂದದ್ದು ಹೆಚ್ಚುವರಿ ಅವಧಿಯಲ್ಲಿ. ಫಲಿತಾಂಶದ ಬಾಜಿ ಸಾಮಾನ್ಯವಾಗಿ ಇಂಜುರಿ ಟೈಮ್ ಸೇರಿದ 90 ನಿಮಿಷಕ್ಕೇ ತೀರುತ್ತದೆ. ಆಗ ಸ್ಕೋರು 0-0. ಆ ಲೆಕ್ಕದಲ್ಲಿ ಬೆಂಗಳೂರಿನ ಮೇಲೆ ಕಟ್ಟಿದವನ ದುಡ್ಡು, ಬೆಂಗಳೂರು ಗೆದ್ದರೂ ಹೋಯಿತು. ಆದರೆ ಹೋದದ್ದು ಒಂದೇ ಸಲ.

ಆಟದ ನಡುವೆ ಹಾಗಲ್ಲ. ಮುಂದಿನ ಗೋಲು, ಮುಂದಿನ ಕಾರ್ನರ್, ಮುಂದಿನ ಹಳದಿ ಕಾರ್ಡು, ಎಲ್ಲಕ್ಕೂ ಒಂದೊಂದು ರೇಟು. ಎರಡೂ ಕಡೆ ಸಮಬಲವಿದ್ದಾಗ 1.90 ರೇಟು, ಅಂದರೆ ಗೆದ್ದರೆ ಕಟ್ಟಿದ್ದರ 1.90 ಪಟ್ಟು, ಕೊಟ್ಟರೆನ್ನಿ. ನೂರರಂತೆ ಹತ್ತು ಸಲ ಕಟ್ಟಿ, ಐದು ಸಲ ಗೆದ್ದರೂ ಸಾವಿರಕ್ಕೆ ಕೈಗೆ ಬರುವುದು 950. ಒಂದೇ ಸಲ ಕಟ್ಟಿದವನಿಗೆ ಸರಾಸರಿ ಐದು ರೂಪಾಯಿಯ ಪೆಟ್ಟು. ಅದೇ ತೊಂಬತ್ತು ನಿಮಿಷದಲ್ಲಿ ಹತ್ತು ಸಲ ಕಟ್ಟಿದವನಿಗೆ ಐವತ್ತರದು. ಸೋತದ್ದನ್ನು ಎಬ್ಬಿಸಲು ಸಾವಿರ ಕಟ್ಟಿದರೆ ಮುಗಿಯಿತು. ಐಪಿಎಲ್ ಬಂದಾಗ ಹೊಸಪೇಟೆ, ಕಂಪ್ಲಿ ಕಡೆ ಓವರ್ ಲೆಕ್ಕದಲ್ಲಿ ಕಟ್ಟುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಕಣ್ಣಾರೆ ನೋಡ್ತಿರ್ತೀವಿ" ಎಂಬುದೇ ದೊಡ್ಡ ಭ್ರಮೆ. ಫೋನಿಗೆ ಚಿತ್ರ ಬರುವುದು ಹಲವು ಸೆಕೆಂಡು ತಡವಾಗಿ. ದೊಡ್ಡ ಬಾಜಿ ಕಂಪನಿಗಳಿಗೆ ಮೈದಾನದಿಂದಲೇ ಮಾಹಿತಿ ಹರಿಯುತ್ತದೆ. ನಿಮ್ಮ ಹಣವನ್ನು ಕೆಲವು ಸೆಕೆಂಡು ತಡೆದಿಟ್ಟು, ಅಷ್ಟರಲ್ಲಿ ಗೋಲಿನ ಅಪಾಯ ಕಂಡರೆ ಬಾಜಿಯನ್ನೇ ತಿರಸ್ಕರಿಸುತ್ತಾರೆ. ಹುಡುಗ ನೋಡುತ್ತಿರುವುದು ಅವರು ಆಗಲೇ ನೋಡಿ ಮುಗಿಸಿದ ಆಟ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮೊದಲೇ ಕಟ್ಟುವ, ಆಟದ ನಡುವೆ ಕಟ್ಟುವ ಎರಡೂ ಬಗೆಯ ಆನ್‌ಲೈನ್ ಬಾಜಿಯನ್ನು ನಿಷೇಧಿಸಿತು. ಶಿಕ್ಷೆ ಇಟ್ಟಿರುವುದು ಆಡುವವನಿಗಲ್ಲ, ಆಡಿಸುವವನಿಗೆ. ಸರಿಯಾದ ಕಾಯ್ದೆ. ಆದರೆ ಕಾನೂನು ಹುಡುಗನ ಫೋನಿನೊಳಗೆ ಕೂತು ಕಾಯುವುದಿಲ್ಲ. ನಮ್ಮ ದೈಹಿಕ ಶಿಕ್ಷಕರು ಒಂದು ಸಂಜೆ ಟಿವಿ ಮತ್ತು ಫೋನು ಎರಡರಲ್ಲೂ ಒಂದೇ ಮ್ಯಾಚ್ ಹಚ್ಚಿ, ಗೋಲು ಎಲ್ಲಿ ಮೊದಲು ಬೀಳುತ್ತದೆಂದು ಹುಡುಗರಿಗೆ ತೋರಿಸಲಿ. ಆಮೇಲೆ ಬೋರ್ಡಿನ ಮೇಲೆ 1.90ರ ಲೆಕ್ಕ ಬರೆಯಲಿ.