ಮೀಟರಿನ ಅಂಕಿಯೂ ಗಾಡಿಯ ಆಯುಸ್ಸೂ

ಹಳೆಯ ಮೋಟಾರು ಕೊಳ್ಳಹೊರಟ ನಮ್ಮವರು ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಓಡಿದೆ?" ಗಾಡಿಗೆ ಹನ್ನೆರಡು ವರ್ಷವಾಗಿದ್ದರೂ ಮೀಟರಿನಲ್ಲಿ ಬರೇ 18,000 ಕಿಲೋಮೀಟರು ಎಂದು ಉತ್ತರ ಬಂದರೆ ಸಾಕು, ಕಣ್ಣು ಅರಳುತ್ತದೆ. "ಹೊಸದರಂತೆಯೇ ಇದೆ" ಎಂದು ದಲ್ಲಾಳಿ ಹೇಳುವ ಮೊದಲೇ ಕೊಳ್ಳುವವನ ಮನಸ್ಸು ಅದನ್ನು ಹೇಳಿ ಮುಗಿಸಿರುತ್ತದೆ. ಅದೇ ವಯಸ್ಸಿನ, 80,000 ಓಡಿದ ಗಾಡಿಗಿಂತ ಇದಕ್ಕೆ ಮೂವತ್ತು ನಲವತ್ತು ಸಾವಿರ ರೂಪಾಯಿ ಹೆಚ್ಚು ಕೊಡಲು ಆತ ಸಿದ್ಧನಾಗುತ್ತಾನೆ. ಈ ಹೆಚ್ಚಿನ ಹಣ ಯಾತಕ್ಕಾಗಿ ಎಂಬುದನ್ನು ನಾವು ಸ್ವಲ್ಪ ಯೋಚಿಸಬೇಕಾಗಿದೆ.

ನಮ್ಮ ಸಂಘದ ಸದಸ್ಯರಲ್ಲಿ ಮೋಟಾರು ಕೊಳ್ಳುವವರು ಶ್ರೀಮಂತರಲ್ಲ. ಹೋಟೆಲಿನಲ್ಲೋ ಕಾರಖಾನೆಯಲ್ಲೋ ಕಛೇರಿಯಲ್ಲೋ ಹತ್ತಿಪ್ಪತ್ತು ವರ್ಷ ದುಡಿದ ಮೇಲೆ, ಭವಿಷ್ಯನಿಧಿಯಿಂದ ತೆಗೆದುದನ್ನೂ ಪತ್ತಿನ ಸಂಘದ ಸಾಲವನ್ನೂ ಒಟ್ಟುಗೂಡಿಸಿ ಕೊಳ್ಳುವವರು. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗಿ ಬರಬೇಕು ಎಂಬುದೇ ಅವರ ಆಸೆ. ಅಂಥವನ ಗಾಡಿ ಕೊಂಡ ಮೂರನೆಯ ತಿಂಗಳಲ್ಲೇ ಗರಾಜು ಸೇರಿದರೆ, ಸಾಲದ ಕಂತೂ ರಿಪೇರಿಯ ಬಿಲ್ಲೂ ಒಟ್ಟಿಗೇ ಬಾಗಿಲು ತಟ್ಟುತ್ತವೆ.

ಕಡಿಮೆ ಅಂಕಿಯ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, ಈ ಅಂಕಿ ನಿಜವೆ? ಎರಡನೆಯದು, ನಿಜವೇ ಆದರೂ ಅದು ಒಳ್ಳೆಯದೆ? ಮೊದಲ ಪ್ರಶ್ನೆಯನ್ನು ಕೆಲವರಾದರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ.

ಅಂಕಿಯ ಸತ್ಯಾಸತ್ಯವನ್ನೇ ಮೊದಲು ನೋಡೋಣ. ಹಿಂದಿನ ಮೀಟರುಗಳಲ್ಲಿ ಹಲ್ಲುಚಕ್ರಗಳ ಮೇಲೆ ಅಂಕಿಗಳು ಉರುಳುತ್ತಿದ್ದವು. ಐದೇ ಅಂಕಿಯ ಮೀಟರು 99,999 ದಾಟಿದೊಡನೆ ತಾನಾಗಿಯೇ ಸೊನ್ನೆಗೆ ಬರುತ್ತಿತ್ತು. ಕೇಬಲನ್ನು ಬಿಚ್ಚಿಟ್ಟರೆ ಗಾಡಿ ಓಡಿದರೂ ಅಂಕಿ ಓಡುತ್ತಿರಲಿಲ್ಲ. ಈಗಿನ ವಿದ್ಯುನ್ಮಾನ ಮೀಟರಿಗೆ ಮೋಸ ತಟ್ಟದು ಎಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ, ಒಂದು ಸಣ್ಣ ಉಪಕರಣವನ್ನು ಜೋಡಿಸಿ ಅಂಕಿಯನ್ನು ತಿದ್ದುವುದು ಕೆಲವು ನಿಮಿಷಗಳ ಕೆಲಸ. ಅಮೆರಿಕದಲ್ಲಿ ಇದನ್ನು ತಡೆಯುವ ಕಾಯಿದೆ 1972ರಲ್ಲೇ ಬಂದಿತು. ಹಾಗಿದ್ದೂ, ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ಗಾಡಿಗಳು ಸುಳ್ಳು ಅಂಕಿಯೊಡನೆ ಮಾರಾಟವಾಗುತ್ತಿವೆಯೆಂದು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯೇ 2002ರಲ್ಲಿ ಅಂದಾಜು ಮಾಡಿತು. ಕಾಯಿದೆಯಿರುವ ನಾಡಿನ ಪಾಡೇ ಹೀಗಿರುವಾಗ ಮೀಟರೊಂದನ್ನೇ ನಂಬುವುದು ವಿವೇಕವಲ್ಲ.

ನಮ್ಮ ಹಳ್ಳಿಗಳ ದನದ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತು ಮಾರುವವನು "ಎರಡೇ ಬೇಸಾಯ ಮಾಡಿದೆ" ಎಂದರೆ ರೈತ ತಲೆದೂಗಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಹೆಗಲ ಮೇಲಿನ ನೊಗದ ಗುರುತು ಮುಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮೋಟಾರಿಗೂ ಹಲ್ಲುಗಳಿವೆ. ಬ್ರೇಕು, ಕ್ಲಚ್ಚುಗಳ ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಮೈ, ಚಾಲಕನ ಸೀಟಿನ ಅಂಚು ಇವು 18,000 ಕಿಲೋಮೀಟರಿಗೆ ನುಣುಪಾಗಿ ಸವೆಯತಕ್ಕವಲ್ಲ. ಅಧಿಕೃತ ಗರಾಜಿನಲ್ಲಿ ಸರ್ವಿಸ್ ಆದ ಗಾಡಿಯಾದರೆ ಪ್ರತಿ ಸಲವೂ ಅಂಕಿ ದಾಖಲಾಗಿರುತ್ತದೆ. ಆ ಕಾಗದಗಳನ್ನು ಒಂದರ ಕೆಳಗೊಂದು ಇಟ್ಟು ಓದಿದರೆ ಸತ್ಯ ತಾನಾಗಿಯೇ ಹೊರಬೀಳುತ್ತದೆ.

ಟಯರುಗಳೂ ಸಾಕ್ಷಿ ಹೇಳುತ್ತವೆ. ಅವುಗಳ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2314 ಎಂದಿದ್ದರೆ 2014ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟಯರು ಎಂದರ್ಥ. ಗಾಡಿಯೂ ಅದೇ ವರ್ಷದ್ದಾಗಿದ್ದು ಟಯರಿನ ಗೆರೆಗಳು ಸವೆಯದೆ ಉಳಿದಿದ್ದರೆ, ಮೀಟರು ನಿಜ ಹೇಳುತ್ತಿರಬಹುದು. ಇಲ್ಲಿಯೇ ನಮ್ಮ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಅಂಕಿ ನಿಜವೆಂದು ಸಾಕ್ಷಿ ಹೇಳಿದ ಆ ಟಯರುಗಳನ್ನೇ ಮೊದಲು ಬಿಚ್ಚಿ ಎಸೆಯಬೇಕು! ಹತ್ತು ಹನ್ನೆರಡು ವರ್ಷ ಕಳೆದ ರಬ್ಬರು ಒಳಗಿಂದೊಳಗೆ ಗಟ್ಟಿಯಾಗಿ ಬಿರಿದಿರುತ್ತದೆ. ಹೊರಗೆ ಹೊಸದರಂತೆ ಕಂಡರೂ ಹೆದ್ದಾರಿಯ ವೇಗದಲ್ಲಿ ಅದನ್ನು ನಂಬಲಾಗದು.

ಟಯರಿನ ಮಾತು ಗಾಡಿಯ ಅನೇಕ ಭಾಗಗಳಿಗೆ ಸಲ್ಲುತ್ತದೆ. ಯಂತ್ರವು ಓಡಿ ಸವೆಯುವುದು ಒಂದು ಬಗೆ; ಕಾಲದಿಂದ ಕೆಡುವುದು ಇನ್ನೊಂದು ಬಗೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ಗಾಡಿ ಓಡಲಿ ಬಿಡಲಿ, ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಎಣ್ಣೆಗೂ ಕಿಲೋಮೀಟರಿನ ಮಿತಿಯ ಜೊತೆಗೆ ವರ್ಷದ ಮಿತಿಯುಂಟು. ಟೈಮಿಂಗ್ ಬೆಲ್ಟು ಇರುವ ಎಂಜಿನಿನಲ್ಲಿ ಅದಕ್ಕೂ ವರ್ಷಗಳ ಲೆಕ್ಕವಿದೆ. ಅದು ಓಟದಲ್ಲಿ ಹರಿದರೆ ಅನೇಕ ಎಂಜಿನುಗಳಲ್ಲಿ ವಾಲ್ವುಗಳೂ ಮುರಿಯುತ್ತವೆ. ಬ್ಯಾಟರಿ ನಿಂತಲ್ಲೇ ಸಾಯುತ್ತದೆ. ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲು ಅಂಟಾಗುತ್ತದೆ. ಈಗ ಮಾರಾಟದಲ್ಲಿರುವ ಎಥನಾಲ್ ಬೆರೆತ ಪೆಟ್ರೋಲು ನೀರನ್ನೂ ಸೆಳೆದುಕೊಳ್ಳುತ್ತದೆ. ನಿಂತ ಗಾಡಿಯ ತಂತಿಗಳಿಗೆ ಇಲಿಗಳ ಕಾಟ ಬೇರೆ.

ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳ ಕಥೆ ಈ ಮಾತಿಗೆ ದೊಡ್ಡ ನಿದರ್ಶನ. ಅವುಗಳಲ್ಲಿ ತುಂಬಿದ್ದ ರಾಸಾಯನಿಕವು ವರ್ಷಗಟ್ಟಲೆ ಸೆಕೆಗೂ ತೇವಕ್ಕೂ ಸಿಕ್ಕಿ ಕೆಡುತ್ತಿತ್ತು. ಅಪಘಾತದ ವೇಳೆ ಪ್ರಾಣ ಉಳಿಸಬೇಕಾದ ವಸ್ತುವೇ ಸಿಡಿದು ಲೋಹದ ಚೂರುಗಳನ್ನು ಎರಚುತ್ತಿತ್ತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು ಹಿಂದಕ್ಕೆ ಕರೆಯಲಾಯಿತು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಆ ದೋಷಕ್ಕೂ ಮೀಟರಿನ ಅಂಕಿಗೂ ಸಂಬಂಧವಿರಲಿಲ್ಲ. ಹಳೆಯ ಗಾಡಿ ಕೊಳ್ಳುವವನು ಅದರ ಷಾಸಿ ನಂಬರನ್ನು ತಯಾರಕರ ಗರಾಜಿಗೆ ಕೊಟ್ಟು, ಹಿಂದಕ್ಕೆ ಕರೆದ ಪಟ್ಟಿಯಲ್ಲಿ ಅದು ಇದೆಯೆ, ಭಾಗ ಬದಲಿಸಿದ್ದಾರೆಯೆ ಎಂದು ವಿಚಾರಿಸುವುದು ಅಗತ್ಯ.

ಮುಂಬಯಿಯಂತಹ ಕಡಲತೀರದ ನಗರದಲ್ಲಿ ತುಕ್ಕಿನ ಭಯವೂ ಸೇರಿಕೊಳ್ಳುತ್ತದೆ. ಇಷ್ಟೇ ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2017ರ ಆಗಸ್ಟ್ 29ರಂದು ಮುಂಬಯಿಯ ಬೀದಿಗಳು ಮತ್ತೆ ಹೊಳೆಗಳಾದವು. ಇಂತಹ ದಿನಗಳಲ್ಲಿ ನೀರಿನಲ್ಲಿ ನಿಂತ ಮೋಟಾರುಗಳು ತೊಳೆಸಿಕೊಂಡು ಇನ್ನೊಂದು ಊರಿನ ಪೇಟೆಗೆ ಬರುವುದುಂಟು. ನೀರು ಮೀಟರನ್ನು ಓಡಿಸುವುದಿಲ್ಲವಷ್ಟೆ! ಆದುದರಿಂದ ಕಾಲಡಿಯ ಹಾಸನ್ನು ಎತ್ತಿ ನೋಡಬೇಕು, ಸೀಟಿನ ಕೆಳಗಿನ ಕಬ್ಬಿಣವನ್ನು ನೋಡಬೇಕು, ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆಯಿದೆಯೇ ಎಂದು ಪರೀಕ್ಷಿಸಬೇಕು.

ಹಾಗಾದರೆ ಕಡಿಮೆ ಓಡಿದ ಗಾಡಿಗಳೆಲ್ಲ ಮೋಸವೆ? ಖಂಡಿತ ಅಲ್ಲ. ಹಾಗೆನ್ನುವುದು ಪ್ರಾಮಾಣಿಕ ಮಾರಾಟಗಾರನಿಗೆ ಮಾಡುವ ಅನ್ಯಾಯ. ಈ ನಗರದಲ್ಲಿ ನಮ್ಮೆಲ್ಲರನ್ನೂ ಹೊತ್ತೊಯ್ಯುವುದು ಲೋಕಲ್ ರೈಲು. ಕೆಲಸಕ್ಕೆ ರೈಲಿನಲ್ಲೇ ಹೋಗಿ ಭಾನುವಾರ ಮಾತ್ರ ಗಾಡಿ ಹೊರತೆಗೆಯುವ ಸಂಸಾರಗಳು ಎಷ್ಟೋ ಇವೆ. ಅಂಥವರ ಗಾಡಿ ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರು ಓಡಿದರೆ ಆಶ್ಚರ್ಯವಿಲ್ಲ. ನಾವು ತಿಳಿಯಬೇಕಾದುದು ಇಷ್ಟೇ: ಕಡಿಮೆ ಓಡಿದ ಗಾಡಿ ಬೇರೆ, ನಿಂತುಹೋದ ಗಾಡಿ ಬೇರೆ. ವಾರಕ್ಕೊಮ್ಮೆಯಾದರೂ ಎಂಜಿನು ಚೆನ್ನಾಗಿ ಕಾಯುವಷ್ಟು ದೂರ ಹೋಗಿ, ವರ್ಷಕ್ಕೊಮ್ಮೆ ತಪ್ಪದೆ ಎಣ್ಣೆ ಬದಲಿಸಿಕೊಂಡ ಗಾಡಿ ಒಳ್ಳೆಯದೇ. ಹನ್ನೆರಡು ವರ್ಷದಲ್ಲಿ 18,000 ಎಂದರೆ ದಿನಕ್ಕೆ ನಾಲ್ಕು ಕಿಲೋಮೀಟರು. ದಿನವೂ ನಾಲ್ಕೇ ಕಿಲೋಮೀಟರು ಓಡಿ ನಿಂತ ಎಂಜಿನು ಪೂರ್ತಿ ಕಾಯುವುದಿಲ್ಲ. ಉರಿಯಿಂದ ಹುಟ್ಟಿದ ನೀರಾವಿ ಹೊರಹೋಗದೆ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಅಂಕಿ ಎರಡಕ್ಕೂ ಒಂದೇ. ಆರೋಗ್ಯ ಒಂದೇ ಅಲ್ಲ.

ಇದಕ್ಕೆ ವಿರುದ್ಧ ದೃಷ್ಟಾಂತವೂ ಈ ನಗರದ ಬೀದಿಯಲ್ಲೇ ಇತ್ತು. ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ ಹುಟ್ಟಿದ ಪದ್ಮಿನಿ ಟ್ಯಾಕ್ಸಿಗಳನ್ನು ನಾವೆಲ್ಲ ಕಂಡವರೇ. 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದನ್ನು ಇಳಿಸಿದ್ದು ಟ್ಯಾಕ್ಸಿಗಳಿಗೆ ಗೊತ್ತುಪಡಿಸಿದ 20 ವರ್ಷಗಳ ಮಿತಿ. ದಿನವಿಡೀ ದುಡಿಯುವ ಆ ಗಾಡಿಗಳನ್ನು ಬಾಳಿಸಿದ್ದು ದಿನದಿನದ ಓಟ ಮತ್ತು ಸವೆದುದನ್ನು ಆಗಿಂದಾಗ ಬದಲಿಸಿದ ಚಾಲಕರ, ಫಿಟ್ಟರರ ಕೈಗಳು. ದುಡಿಯುವ ಯಂತ್ರವನ್ನು ದುಡಿಯುವವನ ಆರೈಕೆ ಉಳಿಸುತ್ತದೆ ಎಂಬುದು ಕಾರ್ಮಿಕರಾದ ನಮಗೆ ಹೊಸ ಪಾಠವೇನೂ ಅಲ್ಲ.

ಕಾಯಿದೆಯಾದರೋ ವರ್ಷವನ್ನೇ ಎಣಿಸುತ್ತದೆ. ಖಾಸಗಿ ಮೋಟಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 5,000ಕ್ಕೆ ಏರಿತು. 18,000 ಓಡಿದ ಹದಿನಾಲ್ಕು ವರ್ಷದ ಗಾಡಿಗೆ ಈ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಊರಿಗೆ ಒಯ್ದು ಅಲ್ಲೇ ಇಟ್ಟುಕೊಳ್ಳುವ ಎಣಿಕೆಯಿದ್ದರೆ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿರುವ ಗಾಡಿಗೆ ಆ ರಾಜ್ಯದ ನೋಂದಣಿ ಬೇಕೆಂಬುದನ್ನೂ ನೆನಪಿಡಬೇಕು.

ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಬರೇ ಕಡಿಮೆ ಅಂಕಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಾಗಿ ಕೊಡಬಾರದು. ಹೆಚ್ಚು ಹಣಕ್ಕೆ ಅರ್ಹವಾದುದು ಕ್ರಮವಾದ ದಾಖಲೆ. ದಾಖಲೆಯಿಲ್ಲದ ಕಡಿಮೆ ಅಂಕಿಯ ಗಾಡಿಯಾದರೆ ನಾಲ್ಕು ಟಯರು, ಬ್ಯಾಟರಿ, ಬೆಲ್ಟು, ರಬ್ಬರು ಕೊಳವೆಗಳು ಮತ್ತು ಎಲ್ಲ ದ್ರವಗಳನ್ನು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಹಾಕಿ, ಅಷ್ಟನ್ನೂ ಬೆಲೆಯಲ್ಲಿ ಕಳೆದು ಕೇಳಬೇಕು. ಮಾರುವವನು ಒಪ್ಪದಿದ್ದರೆ ಬಿಟ್ಟು ಬರಬೇಕು. ನಗರದಲ್ಲಿ ಹಳೆಯ ಗಾಡಿಗಳಿಗೆ ಬರವಿಲ್ಲ.

ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ಹಳೆಯ ಗಾಡಿಗಳ ವ್ಯಾಪಾರಿಗಳು ತಮ್ಮ ವಶದಲ್ಲಿರುವ ಗಾಡಿಯ ಓಡಾಟದ ಲೆಕ್ಕ ಇಡಬೇಕೆಂಬ ನಿಯಮವನ್ನು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದುದು ಸ್ವಾಗತಾರ್ಹ. ಆದರೆ ಅಷ್ಟು ಸಾಲದು. ಬೆಲ್ಜಿಯಂ ದೇಶದಲ್ಲಿ 2006ರಿಂದ ಹಳೆಯ ಗಾಡಿ ಮಾರುವವನು ಅದರ ಅಂಕಿಗಳ ಚರಿತ್ರೆಯ ಪತ್ರವನ್ನು ಕೊಡಲೇಬೇಕು. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ವೇಳೆ ಬರೆದ ಅಂಕಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿಯೂ ವಿಮೆ, ಹೊಗೆ ತಪಾಸಣೆ, ಮಾಲಿಕತ್ವದ ವರ್ಗಾವಣೆ ಇವು ನಡೆದಾಗಲೆಲ್ಲ ಅಂಕಿ ಒಂದೇ ಕಡೆ ದಾಖಲಾಗಿ, ಕೊಳ್ಳುವವನಿಗೆ ದೊರೆಯುವಂತಾಗಬೇಕು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದಲ್ಲಿ ಚಾಲಕರಿದ್ದಾರೆ, ಫಿಟ್ಟರರಿದ್ದಾರೆ, ಗರಾಜಿನಲ್ಲಿ ದುಡಿಯುವ ತರುಣರಿದ್ದಾರೆ. ಇವರಲ್ಲಿ ಮೂವರ ಒಂದು ಚಿಕ್ಕ ಮಂಡಳಿಯನ್ನು ನೇಮಿಸಿ, ಸದಸ್ಯರು ಕೊಳ್ಳಲಿರುವ ಗಾಡಿಯನ್ನು ಭಾನುವಾರಗಳಂದು ಪರೀಕ್ಷಿಸಿ ಕೊಡುವ ಏರ್ಪಾಡು ಕಷ್ಟದ್ದಲ್ಲ. ಮೋಟಾರಿಗಾಗಿ ಸಾಲ ಕೊಡುವ ಮೊದಲು ಪತ್ತಿನ ಸಂಘವು ಜಾಮೀನುದಾರನ ರುಜುವಿನೊಡನೆ ಗಾಡಿಯ ಸರ್ವಿಸ್ ದಾಖಲೆಯನ್ನೂ ಕೇಳಲಿ. ಮುಂಬರುವ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ವಿನಂತಿ.