ರಂಗದ ಬೆಳಕು: ವ್ಯಾಟ್ ಲೆಕ್ಕದಲ್ಲಿ ಮರೆಯಾಗುವ ಮುಖ

ರಾಯಚೂರು ಜಿಲ್ಲೆಯಲ್ಲಿ ನಾಟಕಕ್ಕೆ ಎರಡು ನೆಲೆಗಳಿವೆ. ಒಂದು, ನಗರದ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ. ಇನ್ನೊಂದು, ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರುಗಳಲ್ಲಿ ಜಾತ್ರೆ, ಹಬ್ಬಗಳ ಸಂದರ್ಭದಲ್ಲಿ ಒಂದು ರಾತ್ರಿಯ ಮಟ್ಟಿಗೆ ಎದ್ದು ನಿಲ್ಲುವ ಅಟ್ಟ. ಸರ್ಕಾರಿ ರಂಗಮಂದಿರಗಳಿಗೆ ದೀಪ ಬರುವುದು ಟೆಂಡರ್ ಮೂಲಕ, ಹಳ್ಳಿಯ ಅಟ್ಟಕ್ಕೆ ಬರುವುದು ಬಾಡಿಗೆಗೆ. ಎರಡೂ ಕಡೆ ಇನ್ನು ಮುಂದೆ ಬರುವ ದೀಪ ಎಲ್‌ಇಡಿಯೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎರಡೂ ಕಡೆ ಮೊದಲು ಕೇಳುವ ಪ್ರಶ್ನೆ ಎಷ್ಟು ವ್ಯಾಟ್, ಬೆಲೆ ಎಷ್ಟು ಎಂಬುದಷ್ಟೇ. ಆ ಬೆಳಕಿನಲ್ಲಿ ನಟನ ಮುಖ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಕಡತದೊಳಗೆ ಬರುವುದು ಅಪರೂಪ.

ವಿದ್ಯುತ್ ಉಳಿತಾಯದ ವಾದವನ್ನು ತಳ್ಳಿಹಾಕುವಂತಿಲ್ಲ. ಸಾವಿರ ವ್ಯಾಟ್‌ನ 24 ಹ್ಯಾಲೊಜನ್ ಪಾರ್ ದೀಪಗಳು ಒಟ್ಟಿಗೆ ಉರಿದರೆ 24 ಕಿಲೊವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ ನೂರು ಆಂಪಿಯರ್‌ಗೂ ಮಿಕ್ಕ ಹೊರೆ. ಇನ್ನೂರು ವ್ಯಾಟ್‌ನ ಅಷ್ಟೇ ಎಲ್‌ಇಡಿ ದೀಪಗಳಿಗೆ ಐದು ಕಿಲೊವ್ಯಾಟ್ ಸಾಕು. ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಬಯಲಾಟ ಕಂಡ ಹಳ್ಳಿಗಳಿಗೆ ಈ ವ್ಯತ್ಯಾಸವೆಂದರೆ ದೊಡ್ಡ ಜನರೇಟರ್ ತರಬೇಕೆ, ಚಿಕ್ಕದು ಸಾಕೆ ಎಂಬ ವ್ಯತ್ಯಾಸ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಾಡಿಗೆಲ್ಲ ವಿದ್ಯುತ್ ಕೊಡುತ್ತಿರುವ ಜಿಲ್ಲೆಯಲ್ಲೇ ಜನರೇಟರ್ ಮಾತು ಬರುವುದು ವಿಪರ್ಯಾಸವೇ, ಇರಲಿ.

ತೊಡಕು ಇರುವುದು ವ್ಯಾಟ್ ಎಂಬ ಅಳತೆಯಲ್ಲೇ. ಅದು ದೀಪ ಉಣ್ಣುವ ವಿದ್ಯುತ್ತನ್ನು ಹೇಳುತ್ತದೆಯೇ ಹೊರತು ಕೊಡುವ ಬೆಳಕನ್ನಲ್ಲ. ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವ ‘54×3’ ದೀಪದ ಮೇಲೆ 162 ವ್ಯಾಟ್ ಎಂಬ ಲೆಕ್ಕ ಇದ್ದರೂ ಅಷ್ಟೂ ಎಲ್‌ಇಡಿಗಳು ಕೆಂಪು, ಹಸಿರು, ನೀಲಿ, ಬಿಳಿ ಎಂದು ಹಂಚಿಹೋಗಿರುತ್ತವೆ. ಕೆಂಪನ್ನಷ್ಟೇ ಬೇಡಿದರೆ ಉಳಿದವೆಲ್ಲ ಸುಮ್ಮನೆ ಕೂರುತ್ತವೆ. ಕಿರಣದ ಕೋನವನ್ನೂ ನೋಡಬೇಕು. 15 ಡಿಗ್ರಿಯ ಕಿರಣವನ್ನು 30ಕ್ಕೆ ಅಗಲಿಸಿದರೆ ಅದೇ ಬೆಳಕು ಸರಿಸುಮಾರು ನಾಲ್ಕು ಪಟ್ಟು ಜಾಗಕ್ಕೆ ಹರಡಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಟೆಂಡರ್‌ನಲ್ಲಿ ಕೇಳಬೇಕಾದುದು ಇಷ್ಟು ಮೀಟರ್ ದೂರದಲ್ಲಿ, ಇಷ್ಟು ಕೋನದಲ್ಲಿ ಎಷ್ಟು ಲಕ್ಸ್ ಎಂಬುದನ್ನು.

ಇದಕ್ಕಿಂತ ಗಂಭೀರವಾದುದು ಬಣ್ಣದ ಪ್ರಶ್ನೆ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೆರೆಸಿದರೆ ಕಣ್ಣಿಗೆ ಬಿಳಿಯೆನಿಸುವ ಬೆಳಕು ಹುಟ್ಟುತ್ತದೆ. ಆದರೆ ಹಳದಿ, ಕಿತ್ತಳೆಯ ಪಟ್ಟಿ ಅದರಲ್ಲಿ ಬಹುಪಾಲು ಖಾಲಿ. ನಮ್ಮ ಕಂದು ಮೈಬಣ್ಣದ ಕಳೆ ಇರುವುದು ಅಲ್ಲಿಯೇ. ಹೀಗಾಗಿ ಬಣ್ಣ ಹಚ್ಚಿದ ಮುಖವೂ ಬೂದಿ ಬಳಿದಂತೆ ಕಾಣುತ್ತದೆ, ದೊಡ್ಡಾಟದ ಕಿರೀಟ, ಭುಜಕೀರ್ತಿಗಳ ಹೊನ್ನು ಹಿತ್ತಾಳೆಯಾಗುತ್ತದೆ. ನಟ ಕೈ ಎತ್ತಿದರೆ ಹಿಂದಿನ ಪರದೆಯ ಮೇಲೆ ನೆರಳಿನ ಅಂಚು ಮೂರು ಬಣ್ಣಗಳಾಗಿ ಒಡೆಯುವುದೂ ಉಂಟು. ಬಣ್ಣಗಳ ನಿಷ್ಠೆಯನ್ನು ಅಳೆಯುವ ಸಿಆರ್‌ಐ ಸೂಚ್ಯಂಕದಲ್ಲಿ ಹ್ಯಾಲೊಜನ್ ನೂರರ ಸಮೀಪ ನಿಲ್ಲುತ್ತದೆ. ಮುಖದ ಮೇಲೆ ಬೀಳುವ ಎಲ್‌ಇಡಿ 90ಕ್ಕಿಂತ ಮೇಲಿರಬೇಕು, ಗಾಢ ಕೆಂಪನ್ನು ಅಳೆಯುವ ಆರ್9 ಅಂಕವನ್ನೂ ಪ್ರತ್ಯೇಕವಾಗಿ ಕೇಳಬೇಕು.

ಈ ಆತಂಕ ನಮ್ಮದಷ್ಟೇ ಅಲ್ಲ. ಐರೋಪ್ಯ ಒಕ್ಕೂಟ 2018ರಲ್ಲಿ ಹೆಚ್ಚು ವಿದ್ಯುತ್ ತಿನ್ನುವ ದೀಪಗಳನ್ನು ಕೈಬಿಡುವ ಕರಡು ನಿಯಮ ಮುಂದಿಟ್ಟಾಗ ಅಲ್ಲಿನ ರಂಗಭೂಮಿ ಒಟ್ಟಾಗಿ ಪ್ರತಿಭಟಿಸಿತು. 2021ರ ಸೆಪ್ಟೆಂಬರ್‌ನಲ್ಲಿ ನಿಯಮ ಜಾರಿಯಾದಾಗ ರಂಗದ ದೀಪಗಳಿಗೆ ವಿನಾಯಿತಿ ಸಿಕ್ಕಿತ್ತು. ನಮ್ಮಲ್ಲಿ 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಮನೆಮನೆಗೆ ಅಗ್ಗದ ಎಲ್‌ಇಡಿ ಬಲ್ಬ್ ತಲುಪಿಸಿದ್ದು ಒಳ್ಳೆಯ ಕೆಲಸವೇ. ಆದರೆ ಅಡುಗೆಮನೆಯ ಬಲ್ಬ್ ಕೊಳ್ಳುವ ಲೆಕ್ಕದಲ್ಲಿ ರಂಗದ ದೀಪ ಕೊಳ್ಳಲಾಗದು.

ಮಂದಗೊಳಿಸುವಾಗ ಇನ್ನೊಂದು ಪೇಚು. ಹ್ಯಾಲೊಜನ್ ನಿಧಾನಕ್ಕೆ ಕೆಂಪೇರುತ್ತ ಆರುತ್ತದೆ. ಅಗ್ಗದ ಎಲ್‌ಇಡಿ ಕೊನೆಯ ಘಳಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಟ್ಟನೆ ನಂದುತ್ತದೆ. ಕರುಣ ರಸದ ದೃಶ್ಯ ಅಲ್ಲಿಗೇ ಕೆಡುತ್ತದೆ. ಹಳೆಯ ಡಿಮ್ಮರ್‌ಗೆ ಇದನ್ನು ಜೋಡಿಸುವಂತಿಲ್ಲ. ನೇರ ವಿದ್ಯುತ್ ಸಂಪರ್ಕ ಕೊಟ್ಟು ಡಿಎಂಎಕ್ಸ್ ತಂತಿಯ ಮೂಲಕವೇ ನಿಯಂತ್ರಿಸಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿಗೆ ವಿಶೇಷವಾದ ಚಿಂತೆ ಶಾಖದ್ದು. ಐವತ್ತು ಸಾವಿರ ಗಂಟೆ ಬಾಳಿಕೆಯೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ಮಾತು ಸಾಮಾನ್ಯವಾಗಿ 25 ಡಿಗ್ರಿ ವಾತಾವರಣವನ್ನು ನಂಬಿ ಬರೆದದ್ದು. ಫ್ಯಾನಿನ ಮೂಲಕ ಎರೆ ಹೊಲಗಳ ದೂಳು ಒಳಗೆ ಸೇರಿದರೆ ಬಾಳಿಕೆ ಮತ್ತಷ್ಟು ಕುಗ್ಗುತ್ತದೆ. ಮೊದಲು ಕೈಕೊಡುವುದು ಹೆಚ್ಚಾಗಿ ಎಲ್‌ಇಡಿಯಲ್ಲ, ಅದಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಡ್ರೈವರ್. ಬಿಡಿಭಾಗ ಕೊಡುವ ಹೊಣೆ ಹೊರದ ಸರಬರಾಜುದಾರನಿಂದ ಕೊಂಡ ದೀಪ ಉಗ್ರಾಣ ಸೇರುವುದು ಖಚಿತ.

ಹಾಗೆಂದು 24 ದೀಪಗಳೂ ದುಬಾರಿಯಾಗಬೇಕಿಲ್ಲ. ಮುಖಕ್ಕೆ ಬೆಳಕು ಕೊಡುವ ಮುಂದಿನ ಎಂಟು ದೀಪಗಳು ಒಂದೇ ಬಿಲ್ಲೆಯಾಗಿ ಹೊಳೆಯುವ ಸಿಒಬಿ ಮಾದರಿಯ, 3200 ಕೆಲ್ವಿನ್‌ನ ಬೆಚ್ಚನೆಯ ಬಿಳಿಯಾಗಿರಲಿ. ಹಿಂಬದಿಗೆ, ಪರದೆಗೆ ಅಗ್ಗದ ಬಣ್ಣದ ದೀಪಗಳು ಧಾರಾಳವಾಗಿ ಸಾಕು. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯಡಿಯ ಎರಡು ಲಕೋಟೆ ಪದ್ಧತಿಯಲ್ಲಿ ದರ ನೋಡುವ ಮುನ್ನ ತಾಂತ್ರಿಕ ಅರ್ಹತೆ ಪರಿಶೀಲಿಸಲು ಅವಕಾಶವಿದೆ. ಆ ಹಂತದಲ್ಲಿ ಬಣ್ಣ ಹಚ್ಚಿಕೊಂಡ ಒಬ್ಬ ಕಲಾವಿದನನ್ನು ನಿಲ್ಲಿಸಿ ಮಾದರಿ ದೀಪ ಹಚ್ಚಿ ನೋಡುವ ಷರತ್ತು ಸೇರಿಸಲು ಹೆಚ್ಚಿನ ಖರ್ಚೇನೂ ಬಾರದು. ಜಾತ್ರೆಯ ನಾಟಕಕ್ಕೆ ಬಾಡಿಗೆ ಮಾತಾಡುವವರೂ ಮುಂದಿನ ಕಂಬಗಳಿಗೆ ಬೆಚ್ಚನೆಯ ಬಿಳಿಯ ದೀಪಗಳೇ ಬೇಕೆಂದು ಮುಂಗಡ ಕೊಡುವಾಗಲೇ ಹೇಳಿಬಿಡಬಹುದು.