‘ಸರ್ವರ್ ಡೌನ್’ ಎಂಬ ಉತ್ತರ ಸಾಕೇ?

ಸಹೋದರಿಯರೇ, ರಾಯಚೂರಿನ ಸೇವಾ ಕೇಂದ್ರದಲ್ಲಾಗಲಿ, ದೇವದುರ್ಗ, ಮಾನ್ವಿಯ ತಾಲೂಕು ಕಚೇರಿಯಲ್ಲಾಗಲಿ “ಸರ್ವರ್ ಡೌನ್ ಇದೆ, ನಾಳೆ ಬನ್ನಿ” ಎಂಬ ಮಾತನ್ನು ನೀವು ಕೇಳಿರಬಹುದು. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ರಾಜ್ಯದ ಹಲವೆಡೆ ಮಹಿಳೆಯರು ಇದೇ ಉತ್ತರ ಕೇಳಿ ಮರಳಿದರು. ಕೂಲಿ ಮಾಡುವ ಹೆಣ್ಣುಮಗಳು ಒಂದು ದಿನ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತೆಂದೇ ಅರ್ಥ. ಹಾಗಾಗಿ ಸರ್ವರಿನ ವಿಷಯ ಕಂಪ್ಯೂಟರ್ ಕಲಿತವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಸರ್ವರ್ ಎಂದರೆ ನಿಮ್ಮೆದುರಿನ ಮೇಜಿನ ಮೇಲಿರುವ ಯಂತ್ರವಲ್ಲ. ಸರಕಾರದ ಕೆಸ್ವಾನ್ ಜಾಲವು ತಾಲೂಕನ್ನು ಜಿಲ್ಲಾ ಕೇಂದ್ರಕ್ಕೂ ಅಲ್ಲಿಂದ ಬೆಂಗಳೂರಿಗೂ ಜೋಡಿಸುತ್ತದೆ. ದೇವದುರ್ಗದ ಕಚೇರಿಯ ಕಂಪ್ಯೂಟರಿನಲ್ಲೋ, ನಡುವಿನ ಲೈನಿನಲ್ಲೋ, ಬೆಂಗಳೂರಿನ ಸರ್ವರಿನಲ್ಲೋ ದೋಷವಿರಬಹುದು. ಮೂರಕ್ಕೂ ಹೆಸರು ಮಾತ್ರ ಒಂದೇ, ‘ಸರ್ವರ್ ಡೌನ್’! ಬೈಗುಳ ತಿನ್ನುವವನು ಎದುರಿಗೆ ಕುಳಿತ ಬಡ ಆಪರೇಟರ್.

ನಿಜ ತಿಳಿಯಲು ಒಂದೇ ದಾರಿ, ಲೆಕ್ಕ ಬರೆದಿಡುವುದು. ನೀವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತಿಸುವಂತೆ, ಸರ್ವರ್ ಕೂಡ ತನ್ನ ಲೆಕ್ಕ ಬರೆದಿಡಬಲ್ಲದು. ಎಷ್ಟು ಕೋರಿಕೆಗಳು ಬಂದವು, ಉತ್ತರಕ್ಕೆ ಎಷ್ಟು ಸೆಕೆಂಡು ಹಿಡಿಯಿತು, ದಾರಿಯಲ್ಲಿ ಎಷ್ಟು ಮಾಹಿತಿ ಕಳೆದುಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಲಿನಕ್ಸ್ ಸರ್ವರುಗಳಲ್ಲಿ ಬಳಸುವ ‘ಸಾರ್’ ಎಂಬ ಸಾಧನ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಹೀಗೆ ದಾಖಲಿಸುತ್ತದೆ.

ನಿಮ್ಮ ಮಗಳೋ ಮಗನೋ ಈ ವಿದ್ಯೆ ಕಲಿಯುತ್ತಿದ್ದರೆ ನಾಲ್ಕು ಮಾತು ತಿಳಿಸಿ. ಒಂದು, ತೀರಾ ಪದೇ ಪದೇ ಅಳೆದರೆ ಅಳತೆಯೇ ಸರ್ವರಿಗೆ ಭಾರವಾಗುತ್ತದೆ. ತೀರಾ ಅಪರೂಪಕ್ಕೆ ಅಳೆದರೆ ಎರಡು ನಿಮಿಷದ ತೊಂದರೆ ಕಣ್ತಪ್ಪುತ್ತದೆ. ಎರಡು, ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಇಲ್ಲವಾದರೆ ರಾಯಚೂರಿನ ದಾಖಲೆ ಬೆಂಗಳೂರಿನದರೊಂದಿಗೆ ತಾಳೆಯಾಗದು. ಮೂರು, ಹಳೆಯ ಲೆಕ್ಕವನ್ನು ಕಾಪಾಡಬೇಕು. ಸಾಮಾನ್ಯ ದಿನ ಹೇಗಿತ್ತೆಂದು ಗೊತ್ತಿದ್ದರೆ ತಾನೇ ಇಂದಿನದು ಅಸಾಮಾನ್ಯವೆಂದು ತಿಳಿಯುವುದು? ನಾಲ್ಕು, ಮಿತಿ ಮೀರಿದಾಗ ಹೊಣೆಗಾರನಿಗೆ ಕೂಡಲೇ ಸೂಚನೆ ಹೋಗಬೇಕು. ಯಾರೂ ನೋಡದ ಲೆಕ್ಕ ಇದ್ದೂ ಇಲ್ಲದಂತೆ.

ಇದರ ಬೆಲೆ 2025ರ ಜನವರಿಯಲ್ಲಿ ಕಂಡಿತು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದು, ರಾಜ್ಯದಾದ್ಯಂತ ನೋಂದಣಿಗೆ ಅಡ್ಡಿಯಾಯಿತು. ಪರಿಶೀಲಿಸಿದಾಗ ಅದು ಯಂತ್ರದ ದಣಿವಾಗಿರಲಿಲ್ಲ. ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟಕ್ಕೆ ಲಕ್ಷಾಂತರ ಸುಳ್ಳು ಕೋರಿಕೆಗಳನ್ನು ಸುರಿದು ನಡೆಸಿದ ದಾಳಿಯಾಗಿತ್ತು. ಕೋರಿಕೆಗಳ ಲೆಕ್ಕ ಇಲ್ಲದಿದ್ದರೆ ಅದೂ ಬರೀ ‘ಸರ್ವರ್ ಡೌನ್’ ಆಗಿಯೇ ಉಳಿಯುತ್ತಿತ್ತು.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲಿ ಆದೇಶಿಸಿದೆ. ಬರಹವಿದ್ದಲ್ಲಿ ಸಂಶಯಕ್ಕೂ ಜಗಳಕ್ಕೂ ಎಡೆ ಕಡಿಮೆ. ಜನರ ಸಮಯವೂ ಒಂದು ಅಮಾನತ್ತು. ಅದನ್ನು ವಹಿಸಿಕೊಂಡವರು ಲೆಕ್ಕವಿಡಲೇಬೇಕು.

ನೀವೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಹಿಂದಿರುಗಿಸಿದಾಗ ದಿನಾಂಕ, ಗಂಟೆ, ಪರದೆಯ ಮೇಲೆ ಬಂದ ಸಂದೇಶವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬೇರೆ ಜಾಲತಾಣ ತೆರೆಯುತ್ತದೆಯೇ ಎಂದು ಸೌಜನ್ಯದಿಂದ ಕೇಳಿ. ತೆರೆಯುತ್ತಿದ್ದರೆ ಅಲ್ಲಿನ ಲೈನ್ ಸರಿಯಿದೆ, ತೊಂದರೆ ಮುಂದೆಲ್ಲೋ ಇದೆ ಎಂದು ತಿಳಿಯಿರಿ. ಬಳಿಕ ಆ ಚೀಟಿಯ ವಿವರದೊಂದಿಗೆ ದೂರು ಬರೆಯಿರಿ. ಬರಿಗೈಯ ಕೋಪಕ್ಕಿಂತ ಗಂಟೆ-ನಿಮಿಷವಿರುವ ಚೀಟಿಗೆ ಬಲ ಹೆಚ್ಚು.